ಟೇಪ್‌ರೆಕಾರ್ಡರ್ ತಿಂದ ಚರಣ

ಬೆಳಗಿನಿಂದ ತಾಹಿರಾಳ ಗಂಟಲಲ್ಲಿ ಒಂದು ತುತ್ತೂ ಇಳಿದಿರಲಿಲ್ಲ. ಕೊಟ್ಟಿಗೆಹಾರದಲ್ಲಿ ಮೂಡಿಗೆರೆ ಬಸ್ಸು ಹತ್ತಿದ ಮೇಲೂ ಬುತ್ತಿ ಬಿಚ್ಚಲಿಲ್ಲ. ಜೊತೆಗಿದ್ದವರು ಅದನ್ನು ಸ್ಟೇಜಿನ ಹೆದರಿಕೆ ಎಂದುಕೊಂಡು ಸಮಾಧಾನ ಹೇಳಿದರು. ಸುತ್ತಿನ ಊರುಗಳಲ್ಲೆಲ್ಲ ಹಾಡಿ ಬಂದವಳಿಗೆ ಸ್ಟೇಜಿನ ಹೆದರಿಕೆ ಎಂಥದು? ಅವಳ ಹೆದರಿಕೆ ಬೇರೆಯೇ ಇತ್ತು. ಅವತ್ತು ಸಂಜೆ ಕಾತ್ಯಾಯಿನಿಯವರ ಎದುರು ಕೂತು ಕಾತ್ಯಾಯಿನಿಯವರದೇ ಹಾಡನ್ನು ಹೇಳಬೇಕಿತ್ತು. ಆ ಹಾಡಿನ ಕೊನೆಯ ಚರಣ ಕಾತ್ಯಾಯಿನಿಯವರು ಬರೆದದ್ದಲ್ಲ, ತಾಹಿರಾ ಬರೆದದ್ದು. ಈ ಸಂಗತಿ ತಾಹಿರಾಳನ್ನು ಬಿಟ್ಟರೆ ಭೂಮಿಯ ಮೇಲೆ ಯಾರಿಗೂ ಗೊತ್ತಿರಲಿಲ್ಲ.

ಕಾತ್ಯಾಯಿನಿ ಮಲ್ಲಂದೂರಿನವರು. ತಾವೇ ಬರೆದು, ತಾವೇ ರಾಗ ಕೂಡಿಸಿ, ತಾವೇ ಹಾಡುವವರು. ಹೆಣ್ಣುಮಕ್ಕಳು ಹಾಡು ಹೇಳಬಹುದು ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿತ್ತು. ಹಾಡು ಕಟ್ಟಲೂಬಹುದು ಎಂದು ಗೊತ್ತಾದದ್ದು ತೊಂಬತ್ತರ ದಶಕದಲ್ಲಿ ಅವರ ಕ್ಯಾಸೆಟ್ಟು ಬಂದ ಮೇಲೆ. ಕೊಟ್ಟಿಗೆಹಾರದ ಮೆಕ್ಯಾನಿಕ್ ಗುಲಾಮ್ ಮುಸ್ತಫಾ ಚಿಕ್ಕಮಗಳೂರಿಗೆ ಸ್ಪೇರ್‌ಪಾರ್ಟ್ ತರಲು ಹೋದವನು ಒಂದು ಕ್ಯಾಸೆಟ್ಟನ್ನೂ ತಂದ. ಮಗಳು ತಾಹಿರಾ ಆಗಿನ್ನೂ ಪ್ರೈಮರಿ ಸ್ಕೂಲಿನ ಹುಡುಗಿ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಗೆ ತೋಟದ ಹೆಂಗಸೊಬ್ಬಳು ಕಾಯುವ ಹಾಡು ಅದರಲ್ಲಿತ್ತು. "ಹೂಮಳೆಯೇ, ನೀ ಬರುವೆಯೆಂದು ಬಾಗಿಲು ತೆರೆದಿಟ್ಟೆ" ಎಂದು ಶುರುವಾಗುವ ಹಾಡು. ಹುಡುಗಿ ಅದಕ್ಕೆ ಅಂಟಿಕೊಂಡಳು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ಒಂದು ದಿನ ಗ್ಯಾರೇಜಿನ ಹಳೇ ಟೇಪ್‌ರೆಕಾರ್ಡರ್ ಕ್ಯಾಸೆಟ್ಟನ್ನು ಕಚ್ಚಿ ತಿಂದುಬಿಟ್ಟಿತು. ಗುಲಾಮ್ ಮುಸ್ತಫಾ ಮಗಳ ಅಳು ನೋಡಲಾರದೆ, ಸುಕ್ಕಾದ ಟೇಪನ್ನು ಕತ್ತರಿಸಿ ಎಸೆದು, ಎರಡು ತುದಿಗಳನ್ನು ಸೆಲೋ ಟೇಪಿನಿಂದ ಅಂಟಿಸಿಕೊಟ್ಟ. ಹಾಡು ಮತ್ತೆ ಓಡಿತು. ಆದರೆ ಕೊನೆಯ ಚರಣ ಬರಬೇಕಾದ ಜಾಗದಲ್ಲಿ ಟಕ್ ಎಂದು ಒಂದು ಸದ್ದು, ಅಷ್ಟೆ. ಇನ್ನೊಂದು ಕ್ಯಾಸೆಟ್ಟು ಹುಡುಕಿದರೆ ಅಂಗಡಿಗಳಲ್ಲಿ ಎಲ್ಲ ಖಾಲಿ.

ಆ ಖಾಲಿ ಜಾಗ ಹುಡುಗಿಯನ್ನು ಬಿಡಲಿಲ್ಲ. ಅವಳಿಗೂ ಕಾಯುವುದು ಗೊತ್ತಿತ್ತು. ಚಾರ್ಮಾಡಿ ಘಾಟಿಯಲ್ಲಿ ಗಾಡಿ ಕೆಟ್ಟು ನಿಂತರೆ ಯಾವುದಾದರೂ ಲಾರಿಯವರು ಬಂದು ಸುದ್ದಿ ಮುಟ್ಟಿಸುತ್ತಿದ್ದರು. ಅಪ್ಪ ರಾತ್ರಿಯ ಮಂಜಿನಲ್ಲೇ ಸ್ಪ್ಯಾನರ್ ಚೀಲ ಹಿಡಿದು ಹೊರಡುತ್ತಿದ್ದ. ಘಾಟಿಗೆ ಹೋದವರೆಲ್ಲ ತಿರುಗಿ ಬರುವುದಿಲ್ಲ ಎನ್ನುವುದು ರಸ್ತೆ ಬದಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊದಿಕೆಯೊಳಗೆ ಕಿವಿ ನೆಟ್ಟು ಮಲಗಿದವಳಿಗೆ ನಾಲ್ಕು ಸಾಲು ತಾವಾಗಿ ಬಂದವು.

ಮಂಜಿನೊಳಗೆ ಬರುವ ಗಾಡಿ,
ಸದ್ದು ಮುಂದೆ, ದೀಪ ಹಿಂದೆ;
ಅಪ್ಪ ಬಂದನೆನ್ನಬೇಡ,
ಕದವ ತಟ್ಟಲಿ, ತಡೆ.

ಹೈಸ್ಕೂಲಿನಲ್ಲಿ ಅದನ್ನು ಸೇರಿಸಿ ಹಾಡಿದಳು. ರಂಗನಾಥ ಮೇಷ್ಟ್ರು ಕಣ್ಣೊರೆಸಿಕೊಂಡು, ಕೊನೇ ಚರಣ ನಾನು ಕೇಳೇ ಇರಲಿಲ್ಲ, ಕಾತ್ಯಾಯಿನಿಯವರದೇ ಅಲ್ಲವಾ ಎಂದರು. ಹೌದು ಎಂದು ತಲೆಯಾಡಿಸಿದಳು. ನನ್ನದು ಎಂದರೆ ನಗುತ್ತಾರೆ ಎಂಬ ಭಯ. ಅವತ್ತಿನ ಆ ಒಂದು ತಲೆಯಾಟ ಊರೂರು ತಿರುಗಿತು. ಸ್ಕೂಲ್ ಡೇಗಳಲ್ಲಿ, ಮದುವೆ ಮನೆಗಳಲ್ಲಿ, ಕಾಫಿ ಕುಯ್ಯುವವರ ಬಾಯಲ್ಲಿ ಆ ಚರಣ ಕಾತ್ಯಾಯಿನಿಯವರ ಹೆಸರಿನಲ್ಲೇ ಓಡಾಡಿತು. ಈಗ ತಾಹಿರಾ ದೊಡ್ಡವಳಾಗಿ ಬಣಕಲ್ಲಿನ ಹುಡುಗಿಯರಿಗೆ ಹಾಡು ಹೇಳಿಕೊಡುತ್ತಿದ್ದಳು. ಅವರಿಗೂ ಅದನ್ನೇ ಕಲಿಸಿದ್ದಳು.

ಕಾತ್ಯಾಯಿನಿಯವರ ಸಿಟ್ಟಿನ ಕಥೆ ಎಲ್ಲರಿಗೂ ಗೊತ್ತಿತ್ತು. ಹಾಸನದಲ್ಲಿ ಒಬ್ಬ ಗಾಯಕ ಅವರ ಹಾಡಿನ ಒಂದೇ ಒಂದು ಶಬ್ದ ಬದಲಿಸಿದನಂತೆ. ಕಾತ್ಯಾಯಿನಿ ಎದ್ದು ನಿಂತು ಕೈಯೆತ್ತಿ ಹಾಡು ನಿಲ್ಲಿಸಿ, ಅದು ನನ್ನ ಮಾತಲ್ಲ ಎಂದು ಹೇಳಿ ಹೊರಟೇಹೋದರಂತೆ. ಆಮೇಲೆ ಆ ಗಾಯಕನನ್ನು ಯಾರೂ ಕರೆಯಲಿಲ್ಲವಂತೆ. ಒಂದು ಶಬ್ದಕ್ಕೆ ಇಷ್ಟಾದರೆ ಇಡೀ ಚರಣಕ್ಕೆ ಎಷ್ಟು? ಬಸ್ಸು ಬಣಕಲ್ ದಾಟುವಾಗ ತಾಹಿರಾ ಇದೇ ಲೆಕ್ಕ ಹಾಕುತ್ತಿದ್ದಳು. ಹಾಡು ಹೋದರೆ ತನ್ನ ಬದುಕಿನಲ್ಲಿ ಇನ್ನೇನೂ ಉಳಿಯುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿ ಗೊತ್ತಿತ್ತು.

ಮೂಡಿಗೆರೆಯ ಸಭಾಭವನದಲ್ಲಿ ಕಾತ್ಯಾಯಿನಿಯವರ ಸನ್ಮಾನಕ್ಕೆ ಜನ ಸೇರಿದ್ದರು. ತಾಹಿರಾ ಗಟ್ಟಿ ಮನಸ್ಸು ಮಾಡಿ, ಮೊದಲೇ ಹೇಳಿಬಿಡೋಣವೆಂದು ಸ್ಟೇಜಿನ ಹಿಂದಿನ ಕೋಣೆಗೆ ಹೋದಳು. ಕಾತ್ಯಾಯಿನಿ ಬಿಸಿನೀರು ಕುಡಿಯುತ್ತ ಕೂತಿದ್ದರು. ನೂಲಿನ ಸೀರೆ, ದಪ್ಪ ಕನ್ನಡಕ, ನಗುವಿಲ್ಲದ ಮುಖ. ಎಂತ ಬೇಕಿತ್ತು ಎಂದು ಕೇಳಿದರು. ತಾಹಿರಾ, ಇನ್ನೊಂದು ಲೋಟ ನೀರು ಬೇಕಾ ಕೇಳಲು ಬಂದೆ ಎಂದು ತೊದಲಿ, ಓಡಿಬಂದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವುದು ಸುಮ್ಮನೆ ಅಲ್ಲ. ಬಾಗಿಲಾಚೆ ನಿಂತು ನಿರ್ಧಾರ ಮಾಡಿದಳು: ಕೊನೆಯ ಚರಣವನ್ನು ಹಾಡುವುದೇ ಇಲ್ಲ. ಅಲ್ಲಿಗೆ ಮುಗಿಯಿತು.

ರಂಗನಾಥ ಮೇಷ್ಟ್ರು ಮೈಕಿನ ಮುಂದೆ ನಿಂತು, ಈ ಹಾಡಿನ ಪ್ರಾಣವೆಲ್ಲ ಇರುವುದು ಕೊನೆಯ ಚರಣದಲ್ಲಿ, ಗಮನವಿಟ್ಟು ಕೇಳಿ ಎಂದರು. ಒಳ್ಳೆಯವರೇ ಕೆಲವು ಸಲ ಕುತ್ತು ತರುತ್ತಾರೆ. ತಾಹಿರಾ ಸ್ಟೇಜಿನ ಜಮಖಾನದ ಮೇಲೆ ಹೋಗಿ ಕೂತಳು. ಕಾತ್ಯಾಯಿನಿ ಎದುರಿಗೇ ಕೂತಿದ್ದರು. ಅವರ ಪಕ್ಕದ ಸಾಲಿನಲ್ಲಿ ಬಣಕಲ್ಲಿನ ಹುಡುಗಿಯರು, ಹಿಂದೆ ಬಾಗಿಲ ಹತ್ತಿರ ಗ್ಯಾರೇಜು ಮುಚ್ಚಿ ಬಂದ ಅಪ್ಪ.

ಹಾಡಿದಳು. ದನಿ ಎಲ್ಲೂ ಜಾರಲಿಲ್ಲ. ಕೊನೆಯ ಚರಣದ ಜಾಗ ಬಂದಾಗ ಕಣ್ಣು ಮುಚ್ಚಿ, ಅದನ್ನು ಹಾರಿಸಿ, ಪಲ್ಲವಿಗೆ ಬಂದು ನಿಲ್ಲಿಸಿದಳು. ಹಾರ್ಮೋನಿಯಂನವರು ಗಲಿಬಿಲಿಯಾಗಿ ಶ್ರುತಿಯನ್ನಷ್ಟೇ ಹಿಡಿದುಕೊಂಡರು. ಅಕ್ಕ ಮರೆತಳು ಎಂದುಕೊಂಡ ಹುಡುಗಿಯರು ಅವಳನ್ನು ಉಳಿಸಲೆಂದು ತಾವೇ ಎತ್ತಿಕೊಂಡರು. ಮಂಜಿನೊಳಗೆ ಬರುವ ಗಾಡಿ. ಅವರ ಹಿಂದಿನ ಸಾಲು ಸೇರಿತು, ಅದರ ಹಿಂದಿನದೂ ಸೇರಿತು. ಬಾಗಿಲಲ್ಲಿ ಗುಲಾಮ್ ಮುಸ್ತಫಾನ ತುಟಿಯೂ ಆಡುತ್ತಿತ್ತು. ಇಡೀ ಸಭೆ ತನ್ನ ಕಳ್ಳತನವನ್ನು ಗಟ್ಟಿಯಾಗಿ ಹಾಡುವುದನ್ನು ತಾಹಿರಾ ಉಸಿರುಕಟ್ಟಿ ಕೇಳಿದಳು.

ಕಾತ್ಯಾಯಿನಿ ಎದ್ದು ನಿಂತರು. ಕೈಯೆತ್ತಿದರು.

ಹಾಡು ಅಲ್ಲಿಗೇ ನಿಂತಿತು. ಅವರು ನಿಧಾನವಾಗಿ ಮೆಟ್ಟಿಲು ಹತ್ತಿ ಮೈಕಿನ ಹತ್ತಿರ ಬಂದರು.

"ಇದು ನಾನು ಬರ್ದಿದ್ದಲ್ಲ. ಯಾರದು?"

ಸುಮ್ಮನಿದ್ದರೆ ತಪ್ಪು ಇನ್ನಾರದೋ ತಲೆಗೆ ಬರುತ್ತಿತ್ತು. ಹುಡುಗಿಯರ ಮುಖ ಆಗಲೇ ಬಿಳಿಚಿತ್ತು. ತಾಹಿರಾ ಅವರನ್ನು ನೋಡಿದಳು.

"ನಂದು, ಅಮ್ಮಾ. ಕ್ಯಾಸೆಟ್ ಕಟ್ಟಾಗಿತ್ತು. ಚಿಕ್ಕವಳಿದ್ದಾಗ ಸೇರ್ಸಿದ್ದೆ. ನಿಮ್ದೇ ಅಂತ ಸುಳ್ಳು ಹೇಳ್ದೆ."

ಕಾತ್ಯಾಯಿನಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಅಷ್ಟು ಹೊತ್ತು ಒರೆಸುವಂಥ ಕೊಳೆ ಅದರಲ್ಲಿರಲಿಲ್ಲ.

"ಗಾಡೀಲಿ ಬರೋದು ಯಾರು?"

ತಾಹಿರಾ ಬಾಗಿಲ ಕಡೆ ಕೈ ತೋರಿಸಿದಳು. "ನಮ್ಮ ಅಬ್ಬಾ. ಘಾಟಿಗೆ ಹೋಗ್ತಿದ್ರು. ನಾನು ನಿದ್ದೆ ಮಾಡ್ತಿರ್ಲಿಲ್ಲ."

ಎಲ್ಲರೂ ಹಿಂದೆ ತಿರುಗಿದರು. ಇಷ್ಟು ವರ್ಷ ಗ್ಯಾರೇಜಿನಲ್ಲಿ ಗಾಡಿಯ ಕೆಳಗೆ ಮಲಗಿ ಗುಲಾಮ್ ಮುಸ್ತಫಾ ಗುನುಗಿದ ಚರಣ ಅದು. ಮಗಳು ಗಾಢ ನಿದ್ದೆಯಲ್ಲಿದ್ದಾಳೆಂದು ನಂಬಿ ಅವನು ಮೆಲ್ಲಗೆ ಕದ ತಟ್ಟಿದ ದಿನಗಳೆಲ್ಲ ಅದರಲ್ಲಿದ್ದವು. ನಿಂತಿದ್ದವನು ಹಾಗೇ ಹೊಸ್ತಿಲ ಮೇಲೆ ಕೂತುಬಿಟ್ಟ.

"ನನ್ನ ಹಾಡಲ್ಲಿ ಕಾಯೋದು ಮಳೆಗೆ," ಎಂದರು ಕಾತ್ಯಾಯಿನಿ. "ಬರ್ಲಿಲ್ಲಾಂದ್ರೆ ಒಂದು ವರ್ಷದ ಬೆಳೆ ಹೋಗ್ತದೆ. ನಿಂದ್ರಲ್ಲಿ ಬರ್ಲಿಲ್ಲಾಂದ್ರೆ ಮನುಷ್ಯನೇ ಹೋಗ್ತಾನೆ. ನನ್ನ ಹಾಡಿಗೆ ಇಷ್ಟು ಭಾರ ಹೊರೋಕಾಗಲ್ಲ ಮಾರಾಯ್ತಿ. ತೆಗಿ ಅದನ್ನ ಅಲ್ಲಿಂದ."

ಹಾಸನದ ಗಾಯಕನಿಗೆ ಆದದ್ದೇ ತನಗೂ ಆಯಿತು ಎಂದುಕೊಂಡಳು ತಾಹಿರಾ. ತಲೆ ತಗ್ಗಿಸಿ ಏಳಲು ಹೊರಟಳು. ಭುಜದ ಮೇಲೆ ಒಂದು ಕೈ ಬಿತ್ತು. ಕಾತ್ಯಾಯಿನಿಯವರ ಕೈ, ಬೆಚ್ಚಗಿತ್ತು.

"ಎಲ್ಲಿಗೆ? ಅದ್ರ ಮುಂದಿನ ಸಾಲು ಎಂತದು?"

"ಮುಂದೆ ಎಂತ ಇಲ್ಲಮ್ಮಾ."

"ಇಲ್ದೆ ಎಂತ. ನಿಂಗೀಗ ಹೆದರಿಕೆ ಆಗ್ತಿದೆಯಲ್ಲ, ಅಲ್ಲಿಂದ್ಲೇ ಹಿಡಿ. ಇನ್ನು ನನ್ನ ಹಾಡೊಳಗೆ ಅಡಗಿ ಕೂರ್ಬೇಡ. ನಾನಿಲ್ಲೇ ಕೂತಿರ್ತೀನಿ."

ಹೇಳಿದಂತೆ ಕಾತ್ಯಾಯಿನಿ ಅಲ್ಲೇ ಜಮಖಾನದ ಮೇಲೆ, ಅವಳ ಪಕ್ಕದಲ್ಲೇ ಕೂತರು. ಹಾರ್ಮೋನಿಯಂ ಶ್ರುತಿ ಹಿಡಿದೇ ಇತ್ತು. ಇಷ್ಟು ವರ್ಷ ತಪ್ಪಾದರೆ ಹೊತ್ತುಕೊಳ್ಳಲು ಇನ್ನೊಬ್ಬರ ಹೆಸರಿತ್ತು, ಈಗ ಅದೂ ಇಲ್ಲ. ಮುಂದಿನ ಸಾಲಿನಲ್ಲಿ ಅಪ್ಪ ಬರುತ್ತಾನೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಹೊಸ್ತಿಲ ಮೇಲೆ ಕೂತಿದ್ದ ಅಪ್ಪನನ್ನೇ ನೋಡುತ್ತ ಬಾಯಿ ತೆರೆದಳು.