ಪಾರ್ಕಿಗೆ ನಾಲ್ಕನೇದಾಕಿ

ನೇಸರಗಿಯೊಳಗ ಆ ದೊಡ್ಡ ಆಟದ ಪಾರ್ಕಿನ ಸುದ್ದಿ ಕೃಷ್ಣವ್ವನಷ್ಟು ತಿಳಿದಾಕಿ ಇನ್ನೊಬ್ಬಾಕಿ ಇಲ್ಲ, ಬೇಕಾದ್ರ ಪಂಥ ಕಟ್ರಿ. ಪಾರ್ಕು ಇರೂದು ಬೆಂಗಳೂರಿನಾಚೆ. ಈಕಿ ಬೆಳಗಾವಿ ದಾಟಿದಾಕಿ ಅಲ್ಲ. ಆದ್ರ ಮನ್ಯಾಗ ಅಲ್ಲಿಗೆ ಹೋಗೂ ಮಾತು ಎದ್ದ ಮೂರು ತಿಂಗಳಿಂದ ಹೊಲಿಗಿ ಮಷಿನ್ನಿನ ಮ್ಯಾಲೆ ಮೊಬೈಲ್ ಇಟ್ಟು ವಿಡಿಯೋ ನೋಡಿ ನೋಡಿ, ತಮ್ಮನ ಮಗಳು ಸ್ನೇಹಲ್‌ನ ಹಳೇ ನೋಟಬುಕ್ಕಿನೊಳಗ ಎಲ್ಲಾ ಬರದಿಟ್ಟಿದ್ಲು. ಗೇಟು ತಗದ ಕೂಡ್ಲೇ ದೊಡ್ಡ ಜೋಕಾಲಿಗೆ ಓಡಬೇಕು, ಪಾಳಿ ಬೆಳದ್ರ ಎರಡು ತಾಸು ಹೋಗ್ತಾವು. ಉಂಡ ಮ್ಯಾಲೆ ತಿರುಗೂ ಆಟ ಬ್ಯಾಡ. ಬುತ್ತಿ ಒಳಗ ಬಿಡೂದಿಲ್ಲ, ರೊಟ್ಟಿ ರೈಲಿನಾಗ ಮುಗಸಬೇಕು. ನೀರಾಗ ಇಳಿಯಾಕ ಸೀರಿ ನಡ್ಯೂದಿಲ್ಲ, ನೈಲಾನ್ ಬಟ್ಟಿನ ಬೇಕು.

ಅದಕ್ಕಂತ ತನಗೊಂದು ನೀಲಿ ಚೂಡಿದಾರ ಹೊಲಕೊಂಡ್ಲು. ನಲವತ್ತಾರು ವರ್ಷದ ಹೆಂಗಸು! ಗಂಡ ಬಿಟ್ಟ ಮ್ಯಾಲೆ ಹದಿನಾಲ್ಕು ವರ್ಷ ತಮ್ಮ ಮಹಾದೇವನ ಮನ್ಯಾಗ ಕುಂತು ಊರವರ ಜಂಪರ್ ಹೊಲದಾಕಿ, ಹೊಸಾ ನಮೂನಿ ಬಟ್ಟಿಗೆ ತನ್ನ ಮೈ ಅಳತಿ ತಗೊಂಡಿದ್ದು ಅದ ಮೊದಲು. ಕನ್ನಡಿ ಮುಂದ ಹಿಡಕೊಂಡು ತನಗ ತಾನ ನಾಚಿದ್ಲು.

ನೀನೂ ಬಾ ಅಂತ ಯಾರೂ ಅಂದಿರಲಿಲ್ಲ, ಖರೇ. ಅನ್ನೂದರ ಏನೈತಿ? ಹೊಂಟವರು ಮಹಾದೇವ, ಅವನ ಹೆಂಡತಿ ಶೀತಲ, ಸ್ನೇಹಲ್. ಮೂರ ಮಂದಿ. ಮೂರು ಮಂದಿ ಕೂಡಿ ಹೊಂಟ್ರ ಹೋದ ಕೆಲಸ ಕೆಡತೈತಿ ಅಂತ ಶೀತಲನ ಎಲ್ಲಾರಗಿಂತ ಮೊದಲು ಅಡ್ಡ ನಿಲ್ಲತಿದ್ಲು. ಯರಗಟ್ಟಿ ಸಂತಿಗೆ ಹೋಗಬೇಕಾದ್ರೂ ನಾಲ್ಕನೇದಾಕಿ ಕೃಷ್ಣವ್ವನ. ಅದನ್ನ ನಂಬಿಕೊಂಡು ಸುಮ್ಮನಿದ್ಲು. ಹುಚ್ಚಿ! ಬಾಯಿ ಬಿಟ್ಟು ಒಂದು ಮಾತು ಕೇಳಬಾರದಾಗಿತ್ತೇನು?

ಹೊರಡೂ ದಿನ ಮಧ್ಯಾಹ್ನ ಚೂಡಿದಾರ ಮಡಚಿ ಚೀಲದಾಗ ಇಡಾಕ ಹೋದ್ಲು.

"ಇದ್ಯಾರದ್ರಿ ಅಕ್ಕಾರ?" ಅಂದ್ಲು ಶೀತಲ.

ಕೃಷ್ಣವ್ವ ಉತ್ತರ ಕೊಡೂದ್ರಾಗ ಹೊರಗಿಂದ ಮಹಾದೇವ ಕೂಗಿದ. "ಅಕ್ಕಾ, ಎಮ್ಮಿಗೆ ಹಿಂಡಿ ತಂದಿಟ್ಟೇನಿ. ನಾವು ಬರೂತನಕ ನೀನ ಸಂಭಾಳಿಸು."

"ಗಿರಾಕೀದು, ತಪ್ಪಿ ಬಂದೈತಿ" ಅಂತ ಕೃಷ್ಣವ್ವ ಚೂಡಿದಾರ ಸೆರಗಿನಾಗ ಮುಚ್ಚಿಕೊಂಡ್ಲು.

ಚಪ್ಪಲಿ ಮೆಟ್ಟಿದ ಶೀತಲ ಹೊಸ್ತಿಲದಾಗ ಗಕ್ಕನ ನಿಂತ್ಲು. "ಅಯ್ಯ ಶಿವನ, ನಾವು ಮೂರ ಮಂದಿ ಆದಿವಲ್ಲರೀ!"

ಕೃಷ್ಣವ್ವ ಹೊಸ್ತಿಲದ ಕಡೆ ಒಂದು ಹೆಜ್ಜಿ ಇಟ್ಲು. ಈಗ ಕರೀತಾರ. ಈಗ ಕರದ್ರೂ ಆತು, ಉಟ್ಟ ಸೀರಿ ಮ್ಯಾಲೆ ಹೊಂಟಬಿಡತೇನಿ.

"ಅಕ್ಕಾರ, ಒಂದು ಅಡಕಿ ಕೊಡ್ರಿ. ಜೋಡಿ ಇಟಗೊಂಡ್ರ ನಾಲ್ಕು ಮಂದಿ ಆದಂಗ."

ದೇವರ ಜಗಲಿ ಮ್ಯಾಲಿಂದ ದುಂಡನ್ನ ಅಡಕಿ ಆರಿಸಿ, ನೋಟಬುಕ್ಕಿನ ಜೋಡಿ ಸ್ನೇಹಲ್‌ನ ಕೈಯಾಗ ಇಟ್ಲು. ಹುಡುಗಿ ಅಡಕಿ ಹೊಳ್ಳಿಸಿ ನೋಡಿ, "ಅತ್ತೀ, ಇದು ನಿನ್ನ ಬದ್ಲೀ ಏನ?" ಅಂತ ಕೇಳ್ತು.

"ಹೂನವ್ವಾ. ಜೋಕಾಲ್ಯಾಗ ಗಟ್ಟಿ ಹಿಡಕೋ, ಬೀಳಿಸಬ್ಯಾಡ."

ಬೆಳಗಾವಿ ಬಸ್ಸು ಹೋತು. ಬಾಗಿಲು ಮುಂದ ಮಾಡಿ ಸೆರಗು ಬಾಯಾಗ ತುರುಕಿಕೊಂಡು ಅತ್ಲು. ಅತ್ತು ಸಾಕಾದ ಮ್ಯಾಲೆ ಚೂಡಿದಾರ ಹಾಕ್ಕೊಂಡ್ಲು. ನೋಡಾಕ ಮನ್ಯಾಗ ಯಾರಿದ್ರು? ಎಮ್ಮಿ ಹಿಂಡೂ ಹೊತ್ತಾಗಿತ್ತು, ಹಂಗ ಚರಗಿ ಹಿಡಕೊಂಡು ಹಿತ್ತಲಕ್ಕ ಹೋದ್ಲು.

ಎಮ್ಮಿ ಬೆದರಿ ಹಿಂದಕ್ಕ ಸರೀತು.

"ನಾನ ಅದೇನಿ ಗೌರೀ, ನಾನ" ಅಂತ ಎಷ್ಟು ಮೈ ತಿಕ್ಕಿದ್ರೂ ಹನಿ ಹಾಲು ಕೊಡಲಿಲ್ಲ. ಕೃಷ್ಣವ್ವ ಒಳಗ ಹೋಗಿ ಹಳೇ ಸೀರಿ ಸುತಗೊಂಡು ಬಂದ್ಲು.