ಗುರುವಾರದ ಎಣ್ಣೆ

ಲಕ್ಷ್ಮೀದೇವಮ್ಮ ಬಾಯಿ ತೆರೆಯುವವರೆಗೆ ಅಪ್ಪಯ್ಯಣ್ಣನಿಗೆ ಬೆಳಗಾಗುತ್ತಿರಲಿಲ್ಲ. ಮುಖ ತೊಳೆದು, ಹಣೆಗೆ ನಾಮ ಎಳೆದುಕೊಂಡು, ಜಗಲಿಯ ಕಂಬಕ್ಕೆ ಒರಗಿ ಕೂತು ಅವಳನ್ನು ಕೂಗುತ್ತಿದ್ದ. ಅವನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಎಡಗಣ್ಣು ಪೂರ್ತಿ ಬೆಳ್ಳಗಾಗಿ ಹೋಗಿತ್ತು. ಬಲಗಣ್ಣಿಗೆ ಮನುಷ್ಯರು ನೆರಳಿನಂತೆ ಕಾಣುತ್ತಿದ್ದರು, ಅಕ್ಷರ ಕಾಣುತ್ತಿರಲಿಲ್ಲ. ಮನೆಯಲ್ಲಿ ಓದು ಬಲ್ಲವಳು ಅವಳೊಬ್ಬಳೇ. ಅವನ ಅಣ್ಣನ ಮಗ ರಾಮಾಂಜಿನಪ್ಪನ ಹೆಂಡತಿ ಅವಳು, ಮೈಸೂರಿನಲ್ಲಿ ಬಿ.ಎ. ಮುಗಿಸಿ ತೂಬಗೆರೆಗೆ ಸೊಸೆಯಾಗಿ ಬಂದವಳು, ಬಂದ ಎರಡನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡವಳು.

ಮೊದಲು ಪಂಚಾಂಗ. ವಾರ, ತಿಥಿ, ನಕ್ಷತ್ರ, ರಾಹುಕಾಲ. ಯಾವ ದಿಕ್ಕಿಗೆ ಶೂಲೆ, ಅಂದರೆ ಆ ವಾರ ಯಾವ ಕಡೆಗೆ ಪಯಣ ಹೊರಡಬಾರದು ಎಂಬುದು. ಅದಾದ ಮೇಲೆ ಶಕುನದ ಎಲೆ.

ಎಲೆಗಳು ದೊಡ್ಡಬಳ್ಳಾಪುರದ ಸಂತೆಯಲ್ಲಿ ಗಿಣಿಶಾಸ್ತ್ರ ಹೇಳುತ್ತಿದ್ದ ಮಹಬೂಬ್ ಸಾಬಿಯವು. ಅವನ ಗಿಣಿಯನ್ನು ಬೆಕ್ಕು ಹಿಡಿದ ಮೇಲೆ ಪಂಜರವನ್ನು ಅಲ್ಲೇ ಬಿಸಾಕಿ, ಎಲೆಗಳನ್ನು ಅಪ್ಪಯ್ಯಣ್ಣನಿಗೆ ಕೊಟ್ಟುಬಿಟ್ಟಿದ್ದ. "ಊರಿಗೆಲ್ಲ ಭವಿಷ್ಯ ಹೇಳ್ತಿದ್ದ ಗಿಣಿಗೆ ಹಿಂದೆ ನಿಂತಿದ್ದ ಬೆಕ್ಕು ಕಾಣ್ನಿಲ್ವಂತಾ?" ಎಂದು ಅಪ್ಪಯ್ಯಣ್ಣನ ಹೆಂಡತಿ ಮುನಿವೆಂಕಟಮ್ಮ ಆಗ ಕೇಳಿದ್ದಳು. ಗಂಡ ನಗಲಿಲ್ಲ. ಎಣ್ಣೆಯ ಕೈ ತಾಗಿ ಕಂದಿದ ರಟ್ಟಿನ ಮೇಲೆ ಚಿತ್ರಗಳು: ಅಶೋಕವನದ ಸೀತೆ, ಕಾಗೆಯ ಮೇಲಿನ ಶನಿ, ಎರಡು ಆನೆಗಳ ನಡುವಿನ ಗಜಲಕ್ಷ್ಮಿ, ಒಂದು ಮಸೀದಿ, ಮಗುವನ್ನೆತ್ತಿಕೊಂಡ ಮೇರಿ, ಕೋಣದ ಮೇಲೆ ಹಗ್ಗ ಹಿಡಿದ ಯಮ. ಸಾಬಿ ಒಂದೇ ನಿಯಮ ಹೇಳಿಹೋಗಿದ್ದ. ದಿನಕ್ಕೆ ಒಂದು ಎಲೆ. ಬಿದ್ದದ್ದು ಬಿದ್ದ ಹಾಗೆ. ಕೆಟ್ಟದ್ದು ಬಂತೆಂದು ಇನ್ನೊಂದನ್ನು ಎಳೆದರೆ ಮೊದಲನೆಯದು ಇಮ್ಮಡಿಯಾಗುತ್ತದೆ.

ಅಪ್ಪಯ್ಯಣ್ಣ ಅದನ್ನು ಅಕ್ಷರಶಃ ಪಾಲಿಸುತ್ತಿದ್ದ. ಒಂದು ಸಲ ಯಮ ಬಂದ ದಿನ ಸ್ವಂತ ತಂಗಿಯ ಮೊಮ್ಮಗನ ನಾಮಕರಣಕ್ಕೂ ಹೋಗದೆ ಕೋಣೆಯಲ್ಲಿ ಕದ ಹಾಕಿಕೊಂಡು ಕೂತಿದ್ದ.

ಅವನು ಎದ್ದು ತೋಟದ ಕಡೆ ಹೋದ ಮೇಲೆ ಲಕ್ಷ್ಮೀದೇವಮ್ಮ ತನಗಾಗಿಯೂ ಒಂದು ಎಲೆ ಎಳೆಯುತ್ತಿದ್ದಳು. ನಂಬಿಕೆ ಇರಲಿಲ್ಲ. ಚಿತ್ರವನ್ನು ನೋಡುತ್ತ, ಇದರಲ್ಲಿ ಇವತ್ತು ನಾನು ಯಾರು ಎಂದು ಕೇಳಿಕೊಳ್ಳುತ್ತಿದ್ದಳು, ಅಷ್ಟೆ. ತಿಂಗಳುಗಟ್ಟಲೆ ಉತ್ತರ ಬರಲಿಲ್ಲ. ಸೀತೆ ಬಂದರೆ ಬಣ್ಣ ಹಚ್ಚಿದ ಹೆಂಗಸು, ಮಸೀದಿ ಬಂದರೆ ಬಣ್ಣ ಹಚ್ಚಿದ ಗೋಡೆ. ಗಂಡ ಸತ್ತಾಗ ಅವಳು ಅತ್ತಿರಲಿಲ್ಲ. ಊರ ಹೆಂಗಸರು ಅದನ್ನು ಆಡಿಕೊಂಡದ್ದೂ ಅವಳಿಗೆ ದೂರದ ಮಾತಿನಂತೆ ಕೇಳಿಸಿತ್ತು.

ಅವನು ಸತ್ತದ್ದು ಹಿಂದಿನ ಕಾರ್ತೀಕದಲ್ಲಿ. ದೊಡ್ಡಬಳ್ಳಾಪುರದ ಸ್ಕೂಲಿನಲ್ಲಿ ಮೇಷ್ಟರಾಗಿದ್ದ ರಾಮಾಂಜಿನಪ್ಪ ರಜೆಗೆಂದು ಊರಿಗೆ ಬಂದಿದ್ದ. ಬುಧವಾರ ಸಂಜೆ ಹೊಟ್ಟೆಯ ಬಲಗಡೆ ನೋವು ಶುರುವಾಯಿತು. ಗುರುವಾರ ಬೆಳಗಾಗುವಷ್ಟರಲ್ಲಿ ಮೊಣಕಾಲನ್ನು ಎದೆಗೆ ಮಡಚಿಕೊಂಡು ಬಿದ್ದಿದ್ದ. ಬೆಂಗಳೂರಿನ ಆಸ್ಪತ್ರೆಗೆ ಈಗಲೇ ಹೋಗಬೇಕು, ಗಾಡಿ ಕಟ್ಟಿಸಿ ಮಾಕಳಿದುರ್ಗದ ಸ್ಟೇಷನ್ನಿಗೆ ಕಳಿಸಿ ಎಂದು ಅವಳು ಚಿಕ್ಕಮಾವನ ಮುಂದೆ ನಿಂತು ಕೇಳಿದಳು. ಆಗ ಅವನಿಗೆ ಪಂಚಾಂಗ ಓದುವಷ್ಟು ಕಣ್ಣಿತ್ತು. ಪುಟದ ಮೇಲೆ ಬೆರಳಿಟ್ಟು ಹೇಳಿದ್ದ: "ಗುರುವಾರ ತೆಂಕ್ಲಿಗೆ ಶೂಲೆ ಕಣವ್ವ. ನೋಯೋ ಮಗೀನ ಶೂಲೆಗೆ ಎದುರಾಗಿ ಕಳ್ಸಾಕಾಯ್ತದಾ? ನಾಳೆ ಶುಕ್ರವಾರ, ತೆಂಕ್ಲಿಗೆ ಏನೂ ಅಡ್ಡಿಯಿಲ್ಲ. ಒಂದು ದಿನದಾಗೆ ಏನಾಗ್ತೈತೆ?"

ಆ ಹೊತ್ತಿನಲ್ಲಿ ಮುನಿವೆಂಕಟಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಕೈಯಲ್ಲಿ ಎಣ್ಣೆಯ ಕಂಚಿನ ಬಟ್ಟಲಿತ್ತು. ತಾಯಿಯಿಲ್ಲದ ರಾಮಾಂಜಿನಪ್ಪನನ್ನು ಮಗುವಾಗಿದ್ದಾಗಿನಿಂದ ಸಾಕಿದವಳು ಅವಳು. ಗಂಡ ಅವಳ ಕಡೆ ಒಮ್ಮೆ ನೋಡಿದ. ಅವಳು ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದಳು. ಹೊಟ್ಟೆಗೆ ಹಚ್ಚಲು ತಂದಿರಬೇಕು ಎಂದುಕೊಂಡಿದ್ದಳು ಲಕ್ಷ್ಮೀದೇವಮ್ಮ. ಸ್ವಲ್ಪ ಹೊತ್ತಿಗೆ ಮನೆಯ ಗಾಡಿ ರೇಷ್ಮೆಗೂಡು ಹೇರಿಕೊಂಡು ವಿಜಯಪುರದ ಗೂಡಿನ ಸಂತೆಗೆ ಹೋಯಿತು. ಗೂಡು ಇನ್ನೆರಡು ದಿನ ಇದ್ದರೆ ಚಿಟ್ಟೆ ಹೊರಬಂದು ಹಾಳಾಗುತ್ತದೆ. ಯುದ್ಧದ ಕಾಲ, ರೇಷ್ಮೆಗೆ ಎಂದೂ ಇಲ್ಲದ ಗಿರಾಕಿ.

ಶುಕ್ರವಾರ ಅವನನ್ನು ರೈಲಿಗೆ ಹತ್ತಿಸಿದಾಗ ನೋವು ನಿಂತಿತ್ತು. ನಿಂತದ್ದು ಒಳ್ಳೆಯದಕ್ಕೆ ಎಂದು ಎಲ್ಲರೂ ತಿಳಿದರು. ಒಳಗೆ ಒಡೆದುಹೋಗಿದೆ, ನಿನ್ನೆ ತಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದರು. ಅವಳಿಗೆ ಇಂಗ್ಲಿಷ್ ಬರುತ್ತಿತ್ತು.

ಯುಗಾದಿಗೆ ತಾರಣ ಸಂವತ್ಸರದ ಹೊಸ ಪಂಚಾಂಗ ಬಂತು. ಆ ಮಧ್ಯಾಹ್ನ ಒಬ್ಬಳೇ ಕೂತು ಅದರ ಮೊದಲ ಹಾಳೆಗಳನ್ನು ಮಗುಚುತ್ತಿದ್ದಳು. ದಿನದ ಪುಟ ಮಾತ್ರ ಓದುತ್ತಿದ್ದವಳು ಆ ಹಾಳೆಗಳನ್ನು ಎಂದೂ ನೋಡಿರಲಿಲ್ಲ. ವಾರಶೂಲೆ ಎಂಬ ತಲೆಬರಹದ ಕೆಳಗೆ ವಾರ, ಅದರ ಮುಂದೆ ದಿಕ್ಕು. ದಿಕ್ಕಿನ ಮುಂದೆ ಇನ್ನೊಂದು ಸಾಲಿತ್ತು, ಪರಿಹಾರದ್ದು. ಗುರುವಾರ, ದಕ್ಷಿಣ, ತೈಲ.

ತೈಲ. ಹೊರಡುವಾಗ ನೆತ್ತಿಗೆ ಎರಡು ತೊಟ್ಟು ಎಣ್ಣೆ. ಅಷ್ಟೇ ಸಾಕಿತ್ತು.

ಅವಳು ಪುಸ್ತಕ ಮುಚ್ಚಿಟ್ಟು ಬಾವಿಕಟ್ಟೆಗೆ ಹೋಗಿ ನಿಂತಳು. ಚಿಕ್ಕತ್ತೆಯ ಕೈಯಲ್ಲಿದ್ದ ಬಟ್ಟಲು ಕಣ್ಣ ಮುಂದೆ ಬಂತು. ಅದು ಹೊಟ್ಟೆಗೆ ಹಚ್ಚಲು ತಂದದ್ದೋ, ತಲೆಗೋ? ಕೇಳಿದರೆ ಚಿಕ್ಕತ್ತೆ ಬಾಯಿ ಬಿಡುವವಳಲ್ಲ. ಐವತ್ತು ವರ್ಷ ಅವನ ಒಂದು ನೋಟಕ್ಕೆ ಒಳಗೆ ಹೋದವಳು. ಅವನನ್ನೇ ಕೇಳಿದರೆ ಸುಳ್ಳು ಸಿಗುತ್ತದೆ. ಅವನಿಗೆ ಗೊತ್ತಿತ್ತೆ? ಗೊತ್ತಿಲ್ಲದೆ ನಂಬಿ ಕೆಟ್ಟವನೆ, ಗೊತ್ತಿದ್ದೂ ಗೂಡಿನ ಗಾಡಿಗಾಗಿ ಬಾಯಿ ಮುಚ್ಚಿಕೊಂಡವನೆ?

ಮರುದಿನ ತನಗಾಗಿ ಎಳೆದ ಎಲೆಯಲ್ಲಿ ನಾಲಿಗೆ ಚಾಚಿದ ಮಾರಿ ಬಂದಳು. ಲಕ್ಷ್ಮೀದೇವಮ್ಮ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಪರಿಚಯದವರ ಮುಖ ಕಂಡ ಹಾಗಾಯಿತು. ಅವತ್ತು ಮಧ್ಯಾಹ್ನ ಹಸಿವಾಯಿತು. ಎಷ್ಟೋ ತಿಂಗಳ ಮೇಲೆ ಮುದ್ದೆಯ ರುಚಿ ತಿಳಿಯಿತು.

ಕಾಯುವುದು ಅವಳಿಗೆ ಕಷ್ಟವಾಗಲಿಲ್ಲ.

ಜ್ಯೇಷ್ಠದಲ್ಲಿ ಅಪ್ಪಯ್ಯಣ್ಣನ ಬಲಗಣ್ಣು ಕೆಂಪಾಗಿ ಸಿಡಿಯತೊಡಗಿತು. ಇಂಗ್ಲಿಷಿನಲ್ಲಿ ಮಾತಾಡಲು ಬೇಕೆಂದು ಅವಳನ್ನೇ ಬೆಂಗಳೂರಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಪೊರೆ ಮಾಗಿ ಹೋಗಿದೆ, ಮುಂದಿನ ಶುಕ್ರವಾರ ಬೆಳಿಗ್ಗೆ ಕುಯ್ಯಲೇಬೇಕು ಎಂದರು ಡಾಕ್ಟರು. ಗುರುವಾರ ಸಂಜೆಗೇ ಬಂದು ಸೇರಬೇಕು. ಶುಕ್ರವಾರ ಮಧ್ಯಾಹ್ನ ನಾನು ದಂಡಿನ ಕೆಲಸಕ್ಕೆ ಹೊರಡುತ್ತೇನೆ, ಬೇರೆಯವರು ಬರುವವರೆಗೆ ಈ ಕಣ್ಣು ಕಾಯುವುದಿಲ್ಲ. ಅದನ್ನೆಲ್ಲ ಅವಳು ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದಳು.

"ಗುರುವಾರ ಹೊಂಡಾನ ಬಿಡವ್ವ," ಎಂದ ಅಪ್ಪಯ್ಯಣ್ಣ.

ರೈಲಿನಲ್ಲಿ ಹಿಂದಿರುಗುವಾಗ ಅವಳು ತನ್ನೊಳಗೇ ಒಂದು ಒಪ್ಪಂದ ಮಾಡಿಕೊಂಡಳು. ಗುರುವಾರ ಬೆಳಿಗ್ಗೆ ಪಂಚಾಂಗದ ಅರ್ಧವನ್ನು ಮಾತ್ರ ಓದುತ್ತೇನೆ, ದಕ್ಷಿಣಕ್ಕೆ ಶೂಲೆ ಎಂದು. ಅದಕ್ಕೆ ಹೆದರಿ ಅವನು ಕೂತುಬಿಟ್ಟರೆ, ಪಾಪ, ಗೊತ್ತಿರಲಿಲ್ಲ; ಉಳಿದ ಅರ್ಧವನ್ನೂ ಓದಿ, ಎಣ್ಣೆ ಹಚ್ಚಿ, ನಾನೇ ರೈಲು ಹತ್ತಿಸುತ್ತೇನೆ. ಎಣ್ಣೆಯ ಮಾತು ಅವನ ಬಾಯಿಂದಲೇ ಬಂದರೆ. ಆ ವಾಕ್ಯವನ್ನು ಅವಳು ಅಲ್ಲಿಗೇ ಬಿಟ್ಟಳು.

ಗುರುವಾರ ಬೆಳಿಗ್ಗೆ ಬೀದಿಯಲ್ಲಿ ಗಾಡಿ ಕಟ್ಟಿ ನಿಂತಿತ್ತು. ಅಪ್ಪಯ್ಯಣ್ಣ ಹೊಸ ಪಂಚೆ ಉಟ್ಟು, ಪೇಟ ಪಕ್ಕದಲ್ಲಿಟ್ಟುಕೊಂಡು ಕಂಬಕ್ಕೆ ಒರಗಿದ್ದ.

"ಬೇಗ ಓದವ್ವ ಅಮ್ಮಣ್ಣಿ. ಎತ್ತು ನಿಂತವೆ."

"ಗುರುವಾರ, ಮಾವ."

"ಅದು ಎತ್ತಿಗೂ ಗೊತ್ತು. ಮುಂದಕ್ಕೇಳು."

"ದಕ್ಷಿಣಕ್ಕೆ ಶೂಲೆ."

ಅವಳು ಪುಸ್ತಕದಿಂದ ತಲೆ ಎತ್ತಿ ಅವನ ಮುಖ ನೋಡಿದಳು. ಅಲ್ಲಿ ಏನೂ ಆಗಲಿಲ್ಲ. ಅವನು ಕುತ್ತಿಗೆ ತಿರುಗಿಸಿ ಒಳಕ್ಕೆ ಕೂಗಿದ.

"ಲೇ ಇವಳೇ, ಎಣ್ಣೆ ಬಟ್ಲು ತತ್ತಾ."

"ಎಣ್ಣೆ ಯಾಕೆ ಮಾವ?"

ಅಪ್ಪಯ್ಯಣ್ಣ ನಕ್ಕ. "ಮೈಸೂರ್ಗಂಟ ಹೋಗಿ ಓದ್ಬಂದವ್ಳೆ, ಇಷ್ಟು ಗೊತ್ತಿಲ್ಲ ನೋಡು. ನೆತ್ತಿಗೆ ಎಲ್ಡು ತೊಟ್ಟು ಎಣ್ಣೆ ಒತ್ಕಂಡ್ರೆ ಶೂಲೆ ತಟ್ಟಾಕಿಲ್ಲ ಕಣವ್ವ. ನಮ್ಮಪ್ಪನ ಕಾಲ್ದಿಂದ ಹಂಗೇ ಮಾಡ್ಕಂಡು ಬಂದಿದ್ದೀವಿ. ಕೋರ್ಟ್ ಕೆಲಸಕ್ಕೆ ನಾನು ಎಷ್ಟು ಗುರುವಾರ ಬೆಂಗ್ಳೂರ್ಗೆ ಹೋಗಿಲ್ಲ?"

"ಯಾವಾಗಲೂ ಹಂಗೇ ಮಾಡ್ತೀರಾ?"

"ಬೇಕಾದಾಗ ಮಾಡ್ತೀವಿ."

ಅವನ ದನಿಯಲ್ಲಿ ಅಳುಕಿರಲಿಲ್ಲ. ಏನನ್ನೂ ಮುಚ್ಚಿಡುತ್ತಿರಲಿಲ್ಲ ಅವನು. ಆ ಇನ್ನೊಂದು ಗುರುವಾರ ಅವನಿಗೆ ನೆನಪೇ ಇರಲಿಲ್ಲ.

ಮುನಿವೆಂಕಟಮ್ಮ ಬಂದಳು. ಅದೇ ಕಂಚಿನ ಬಟ್ಟಲು. ಲಕ್ಷ್ಮೀದೇವಮ್ಮ ಎದ್ದು ಅದನ್ನು ಅವಳ ಕೈಯಿಂದ ತೆಗೆದುಕೊಂಡಾಗ ಇಬ್ಬರ ಕೈಯೂ ಒಂದು ಗಳಿಗೆ ಬಟ್ಟಲಿನ ಅಂಚಿನಲ್ಲೇ ಇತ್ತು.

"ಚಿಕ್ಕತ್ತೆ, ಅವತ್ತು ತಂದದ್ದು ತಲೆಗಾ?" ಎಂದು ಮೆಲ್ಲಗೆ ಕೇಳಿದಳು.

ಮುನಿವೆಂಕಟಮ್ಮ ಹೌದೆಂದು ಕಣ್ಣು ಮುಚ್ಚಿ ತೆರೆದಳು.

"ಏನದು ಪಿಸಪಿಸ?" ಎಂದ ಅಪ್ಪಯ್ಯಣ್ಣ.

"ಏನಿಲ್ಲ ಮಾವ. ತಲೆ ಬಗ್ಗಿಸಿ." ಅವಳು ಅವನ ನೆತ್ತಿಗೆ ಎಣ್ಣೆ ಇಟ್ಟು, ಕೈಯಾರೆ ತಟ್ಟಿ, ನಿಧಾನವಾಗಿ ಒತ್ತಿದಳು.

"ತಣ್ಣಗೈತೆ," ಎಂದ ಅವನು ಸುಖವಾಗಿ. ಪೇಟಕ್ಕೆ ಕೈ ಹಾಕಿದ.

"ಎಲೆ ತೆಗೀಲಿಲ್ಲ ನೀವು."

"ಶೂಲೆ ಕಳೀತಲ್ಲ, ಇನ್ನೆಲೆ ಯಾಕೆ? ಹೊತ್ತಾಯ್ತದೆ."

"ತೋಟಕ್ಕೆ ಹೋಗೋ ದಿನ ತೆಗೀತೀರಿ. ಕಣ್ಣಿಗೆ ಕತ್ತಿ ಇಡಿಸ್ಕೊಳ್ಳೋಕೆ ಹೊರಡೋ ದಿನ ಬಿಡ್ತೀರಾ?"

ಪೇಟದ ಮೇಲಿನ ಕೈ ನಿಂತಿತು. "ಅದೂ ದಿಟವೆ," ಎಂದು ಆ ಕೈಯನ್ನೇ ಚಾಚಿದ. ಅವಳು ಎಲೆಗಳನ್ನು ಬೀಸಣಿಗೆಯಂತೆ ಹರಡಿ ಹಿಡಿದಳು. ಅವನು ಬೆರಳಾಡಿಸಿ ಒಂದನ್ನು ಎಳೆದು ಅವಳಿಗೆ ಕೊಟ್ಟ.

ತಾವರೆಯ ಮೇಲೆ ಕೂತ ಲಕ್ಷ್ಮಿ. ಎರಡು ಕಡೆಯಿಂದ ಎರಡು ಬಿಳಿ ಆನೆಗಳು ನೀರೆರೆಯುತ್ತಿದ್ದವು. ಇಡೀ ಕಟ್ಟಿನಲ್ಲಿ ಅದಕ್ಕಿಂತ ಒಳ್ಳೆಯ ಎಲೆ ಇನ್ನೊಂದಿರಲಿಲ್ಲ.

ಇಷ್ಟು ದಿನ ಅವಳು ಅವನಿಗೆ ಒಂದು ಸುಳ್ಳನ್ನೂ ಓದಿರಲಿಲ್ಲ.

"ಕೋಣದ ಮೇಲೆ ಕೂತಿದ್ದಾನೆ ಮಾವ," ಎಂದಳು. "ಕೈಯಲ್ಲಿ ಹಗ್ಗ ಇದೆ."

ಅಪ್ಪಯ್ಯಣ್ಣನ ಬಾಯಿ ಸ್ವಲ್ಪ ತೆರೆದುಕೊಂಡಿತು. "ಸರ್ಯಾಗಿ ನೋಡು."

"ಸರಿಯಾಗೇ ನೋಡಿದೆ."

ಅವನು ಎಲೆಯನ್ನು ಕಿತ್ತುಕೊಂಡು ಬಲಗಣ್ಣಿನ ಹತ್ತಿರ, ರೆಪ್ಪೆ ತಾಗುವಷ್ಟು ಹತ್ತಿರ ಹಿಡಿದ. ಕೆಂಪು ಕಣ್ಣಿನಿಂದ ನೀರು ಸುರಿಯಿತು. ಬೆಳಕಿಗೆ ತಿರುಗಿಸಿದ. ಕೊನೆಗೆ ಅದನ್ನು ಹೆಂಡತಿಯ ನೆರಳಿನ ಕಡೆಗೆ ಚಾಚಿದ.

"ನೀನ್ ನೋಡೇ. ಓದಾಕೆ ಬರ್ದಿದ್ರೂ ಚಿತ್ರ ಕಾಣ್ತದಲ್ಲ. ಯಾರವ್ರೆ ಅದ್ರಾಗೆ?"

ಲಕ್ಷ್ಮೀದೇವಮ್ಮ ಇದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮುನಿವೆಂಕಟಮ್ಮ ಎಲೆ ತೆಗೆದುಕೊಂಡಳು. ಲಕ್ಷ್ಮಿಯನ್ನು ನೋಡಿದಳು, ಆನೆಗಳನ್ನು ನೋಡಿದಳು. ರೂಢಿಯಂತೆ ಕೈ ಮುಗಿಯಲು ಹೋಗಿ ತಡೆದುಕೊಂಡಳು. ಆಮೇಲೆ ಗಂಡನ ನೆತ್ತಿಯ ಮೇಲೆ ಹೊಳೆಯುತ್ತಿದ್ದ ಎಣ್ಣೆಯನ್ನು ನೋಡಿದಳು.

"ಕೋಣ ಐತೆ," ಎಂದಳು. "ಕರೀ ಕೋಣ."

"ಯಮನೇನಾ?"

"ಇನ್ಯಾರು ಕೂತ್ಕಂಡಾರು ಕೋಣದ ಮೇಲೆ?"

ಅಪ್ಪಯ್ಯಣ್ಣ ಕಂಬಕ್ಕೆ ಒರಗಿದ. ಎಣ್ಣೆ ಬೆವರಿನ ಜೊತೆ ಹಣೆಯ ನಾಮದ ಮೇಲೆ ಇಳಿಯುತ್ತಿತ್ತು. "ಇದುಕ್ಕೆ ಪರಿಹಾರ ಇಲ್ವಾ ಅಮ್ಮಣ್ಣಿ? ನೋಡವ್ವ, ಪಂಚಾಂಗದಾಗೆ ಎಲ್ಲಾದ್ರೂ ಇರ್ತದೆ."

"ಎಲೆಗೆ ಪರಿಹಾರ ಇಲ್ಲ ಮಾವ. ಸಾಬಿ ನಿಮಗೇ ಹೇಳಿ ಹೋಗಿದ್ದಲ್ಲ."

ಎತ್ತು ಬಿಚ್ಚಲು ಹೇಳಿ ಕಳಿಸಿದ. ಪೇಟವನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಕೂತ. ಮುನಿವೆಂಕಟಮ್ಮ ಎಲೆಯನ್ನು ಕಣ್ಣಿಗೊತ್ತಿಕೊಂಡು ಕಟ್ಟಿನೊಳಗೆ ಸೇರಿಸಿ, ಕೊಟ್ಟಿಗೆಯ ಕಡೆ ಹೋದಳು. ಅಲ್ಲಿಂದ ಅವಳು ಅಳುವ ಸದ್ದು ಕೇಳಿತು. ರಾಮಾಂಜಿನಪ್ಪನ ಹೆಸರು ಹಿಡಿದು ಅಳುತ್ತಿದ್ದಳು. ಲಕ್ಷ್ಮೀದೇವಮ್ಮನಿಗೆ ಅಳು ಬರಲಿಲ್ಲ.

ಬಿಸಿಲೇರಿದ ಮೇಲೆ ಗಾಳಿ ಬಡಗಲಿಂದ ಬೀಸಿತು. ಮಾಕಳಿದುರ್ಗದ ಕಡೆಯಿಂದ ರೈಲಿನ ಕೂಗು ಸಣ್ಣಗೆ ಕೇಳಿಸಿತು.

"ಹೋಯ್ತಾ?" ಎಂದ ಅಪ್ಪಯ್ಯಣ್ಣ.

"ಹೋಯ್ತು."

ಅವನು ಪೇಟವನ್ನು ತೊಡೆಯಿಂದ ತೆಗೆದು ಪಕ್ಕಕ್ಕಿಟ್ಟ. "ನಾಳೆ ಸಂಜೆಗೆ ಹೋಗಿ ನಿಂತ್ಕಂಡ್ರೂ ದಂಡಿಗೆ ಹೊಂಟ ಡಾಕ್ಟ್ರು ಇಲ್ಲ ಅಂದಾರಾ? ಒಂದು ದಿನ ತಾನೆ. ಒಂದು ದಿನದಾಗೆ ಏನಾಗ್ತೈತೆ? ನಾಳೆ ಏನೈತೆ ಓದು ತಾಯಿ."

ಲಕ್ಷ್ಮೀದೇವಮ್ಮ ಪಂಚಾಂಗ ತೆರೆದು, ಅವನಿಗೆ ಚೆನ್ನಾಗಿ ಕೇಳಿಸುವಂತೆ ಓದಿದಳು.

"ನಾಳೆ ಶುಕ್ರವಾರ, ಮಾವ. ತೆಂಕ್ಲಿಗೆ ಏನೂ ಅಡ್ಡಿಯಿಲ್ಲ."