ಅತ್ತಿಗೆಯ ಜರ್ಮನ್ ಕೀಲಿಮಣೆ

ಲಿಯೂ ಬಿಳಿ ಬಟ್ಟೆಯ ಅಂಚನ್ನು ಹಲ್ಲಲ್ಲಿ ಕಚ್ಚಿ ಎಳೆದಾಗ ಅದು ಚರ್ರೆಂದು ಉದ್ದಕ್ಕೂ ಹರಿಯಿತು. ಇಪ್ಪತ್ತಮೂರನೆಯ ತಲೆಪಟ್ಟಿ. ಮನೆಯವರಿಗೆ ಒಂಬತ್ತು ಸಾಕು ಎಂದು ಅಣ್ಣ ಖಾಂಗ್ ಬೆಳಿಗ್ಗೆ ಹೇಳಿದ್ದ. ಆದರೆ ಓಣಿಯ ಮುದುಕಿಯರು ಒಬ್ಬರ ಹಿಂದೊಬ್ಬರು ಬಂದು, ಊದುಬತ್ತಿ ಹಚ್ಚಿ, ಶವಪೆಟ್ಟಿಗೆಗೆ ಬಾಗಿ ಕೈಮುಗಿದು, ನೇರ ಅವಳ ಮುಂದೆ ಬಂದು ತಲೆ ಒಡ್ಡುತ್ತಿದ್ದರು.

"ತೀಯಮ್ಮ, ಇದು ಸತ್ತವರ ಮನೆಯವರು ಮಾತ್ರ ಕಟ್ಕೊಳ್ಳೋದು," ಎಂದಳು ಲಿಯೂ.

"ನಂಗೆ ಹೇಳ್ಕೊಡ್ತೀಯಾ? ಎಂಬತ್ತೇಳು ವರ್ಷದಲ್ಲಿ ಎಷ್ಟು ಹೆಣ ಕಳಿಸಿಲ್ಲ ನಾನು! ಕಟ್ಟೇ ಸುಮ್ನೆ. ಬಿಗಿ ಬೇಡ, ತಲೆ ಸಿಡಿಯತ್ತೆ."

ಲಿಯೂ ಕಟ್ಟಿದಳು. ಎರಡು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಊದುಬತ್ತಿಯ ಹೊಗೆ ಪಡಸಾಲೆಯ ಅರ್ಧ ಎತ್ತರಕ್ಕೆ ಬಂದು ನಿಂತಿತ್ತು. ಅದರ ಮೇಲೆ ಅತ್ತಿಗೆ ಮಿಯೆನ್‌ಳ ಪಟ, ಪಟದ ಮುಂದೆ ಅನ್ನದ ಬಟ್ಟಲು, ಅನ್ನದ ಮೇಲೆ ಬೇಯಿಸಿದ ಮೊಟ್ಟೆ. ಹೊರಗೆ ಓಲಗದವನು ಒಂದೇ ಉಸಿರನ್ನು ಎಳೆದೆಳೆದು ಊದುತ್ತಿದ್ದ. ಆ ಸ್ವರದ ಮೇಲೆ ಮನೆಯೇ ಮೆಲ್ಲನೆ ತೇಲಿಹೋಗುತ್ತಿದೆ ಎಂದು ಲಿಯೂಗೆ ಅನಿಸುತ್ತಿತ್ತು.

ಹಿರಿಯರ ಸಂಘದ ಕಾರ್ಯದರ್ಶಿ ಕಾಗದ ಹಿಡಿದು ಬಂದ. ಹೆಣ ಎತ್ತುವ ಮೊದಲು ಸತ್ತವರ ಬದುಕನ್ನು ನಾಲ್ಕು ಸಾಲಲ್ಲಿ ಓದುವುದು ಅವನ ಕೆಲಸ.

"ಉದ್ಯೋಗ ಅನ್ನೋ ಕಡೆ ಏನು ಬರೀಲಿ? ಜರ್ಮನಿಯಿಂದ ಬಂದ್ಮೇಲೆ ಏನು ಮಾಡ್ತಿದ್ರು ನಿಮ್ಮ ಅತ್ತಿಗೆ?"

ಲಿಯೂ ಬಾಯಿ ತೆರೆದಳು. ಖಾಂಗ್ ಮೂಲೆಯಿಂದ, "ಮನೆಯಲ್ಲೇ ಇದ್ಲು ಅಂತ ಬರೀರಿ," ಎಂದ.

*

ಆಗ ವಿಯೆಟ್ನಾಮಿನಿಂದ ಜರ್ಮನಿಗೆ ದುಡಿಯಲು ಹೋದವರೆಲ್ಲ ಊರಿಗೆ ಬರುವಾಗ ಮರದ ದೊಡ್ಡ ಪೆಟ್ಟಿಗೆ ಕಳಿಸುತ್ತಿದ್ದರು. ಹಡಗು ಬಂತೆಂದರೆ ಹೈಫಾಂಗ್ ಬಂದರಿನ ಗೇಟಿನಲ್ಲಿ ಜಾತ್ರೆ. ಒಬ್ಬರ ಪೆಟ್ಟಿಗೆಯಲ್ಲಿ ಮೊಪೆಡ್ಡು, ಇನ್ನೊಬ್ಬರದರಲ್ಲಿ ಎರಡು ಸೈಕಲ್ಲು. ಮಿಯೆನ್ ನಾದಿನಿಗೆ ಹೊಲಿಗೆ ಯಂತ್ರ ತರುತ್ತೇನೆಂದು ಹೋಗುವ ಮೊದಲೇ ಮಾತು ಕೊಟ್ಟಿದ್ದಳು. ಶಾಲೆಯಲ್ಲಿ ಮಕ್ಕಳಿಗೆ ಕಾಗುಣಿತ ಕಲಿಸುತ್ತಿದ್ದ ಲಿಯೂ ಆ ಯಂತ್ರ ಇಡುವುದಕ್ಕೆಂದು ಕಿಟಕಿಯ ಪಕ್ಕ ಆರು ವರ್ಷ ಜಾಗ ಖಾಲಿ ಇಟ್ಟುಕೊಂಡು ಕಾದಿದ್ದಳು.

ಪೆಟ್ಟಿಗೆ ಒಡೆದಾಗ ಹೊರಬಂದದ್ದು ಬೂದುಬಣ್ಣದ ಒಂದು ಡಬ್ಬ, ತಂತಿ ಸುತ್ತಿದ ಕೀಲಿಮಣೆ, ಒಂದು ಟೇಪ್ ರೆಕಾರ್ಡರು, ಒಂದು ವಿದ್ಯುತ್ ಟೈಪ್‌ರೈಟರು.

"ಇದೇನಿದು?"

"ಕಂಪ್ಯೂಟರ್ರು. ಟಿವಿಗೆ ಜೋಡಿಸಬೇಕು."

"ಹೊಲಿಯತ್ತಾ ಇದು?"

ಮಿಯೆನ್ ಬಲಗೈಯನ್ನು ಎಡಗೈಯ ಕೆಳಗೆ ಸರಿಸಿಕೊಂಡಳು. ಆ ಕೈಯ ಹೆಬ್ಬೆರಳೂ ತೋರುಬೆರಳೂ ನೂಲಿನ ಗಿರಣಿಯಲ್ಲಿ ಹೋಗಿದ್ದವು. ಲಿಯೂ ಅದನ್ನು ಹಿಂದಿನ ದಿನವೇ ಬಂದರಿನಲ್ಲಿ ನೋಡಿ ಅತ್ತಿದ್ದಳು. ಆದರೆ ಆ ಕೈಗೆ ಪೆನ್ನು ಹಿಡಿಯಲು ಬಾರದು, ಸೂಜಿಯ ಕೆಳಗೆ ಬಟ್ಟೆ ಸರಿಸಲು ಬಾರದು, ಕುಟ್ಟಲು ಮಾತ್ರ ಬರುತ್ತದೆ ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ. ಹೊಳೆದದ್ದು ಕಿಟಕಿಯ ಪಕ್ಕದ ಖಾಲಿ ಜಾಗ ಮಾತ್ರ.

"ಊರಿನವರ ಅತ್ತಿಗೆಯರು ಮೊಪೆಡ್ ತಂದ್ರು. ನಮ್ಮ ಅತ್ತಿಗೆ ಹಲ್ಲಿರೋ ಡಬ್ಬ ತಂದ್ರು," ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು. ಅಂದಿನಿಂದ ಒಂದೇ ಸೂರಿನಡಿ ಎರಡು ಒಲೆ. ಎರಡು ವರ್ಷ ಮಾತಿಲ್ಲ.

*

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡ. ಓಲಗ ನಿಂತಿತು.

"ಶ್ರೀಮತಿ ಮಿಯೆನ್ ಅವರು ಆರು ವರ್ಷ ವಿದೇಶದಲ್ಲಿ ದುಡಿದರು. ಹಿಂದಿರುಗಿದ ಮೇಲೆ ಗೃಹಿಣಿಯಾಗಿದ್ದರು. ಓಣಿಯ ಸ್ವಚ್ಛತೆಯ ಕಾರ್ಯದಲ್ಲಿ ತಪ್ಪದೆ ಭಾಗವಹಿಸಿದರು. ಅವರ ಅಗಲಿಕೆಯಿಂದ..."

"ಅಷ್ಟೇನಾ?" ಎಂದಳು ತೀಯಮ್ಮ.

"ಅಮ್ಮಾ, ಓದ್ತಾ ಇದ್ದೀನಿ."

"ಅದಕ್ಕೇ ಕೇಳಿದ್ದು. ಕಸ ಗುಡಿಸಿದ್ಲು, ಸತ್ಲು, ಅಷ್ಟೇನಾ? ನನ್ನ ಮಗ ಎಲ್ಲಿ ಮಲಗಿದ್ದಾನೆ ಅಂತ ಹದಿನೇಳು ವರ್ಷ ಗೊತ್ತಿರ್ಲಿಲ್ಲ ನಂಗೆ. ಯಾರಪ್ಪ ಹುಡುಕಿದ್ದು? ನಿನ್ನ ಸಂಘವಾ?"

ತಲೆಪಟ್ಟಿ ಕಟ್ಟಿದ್ದ ಮುದುಕಿಯರಲ್ಲಿ ಗುಸುಗುಸು ಎದ್ದಿತು. ಕಾರ್ಯದರ್ಶಿ ಬೆವರೊರೆಸಿಕೊಂಡು ಕಾಗದ ಮಡಿಚಿದ. "ಮನೆಯವರು ಯಾರಾದ್ರೂ ಎರಡು ಮಾತಾಡೋದಾದ್ರೆ..."

ಎಲ್ಲರೂ ಲಿಯೂಳ ಕಡೆ ತಿರುಗಿದರು.

*

ಹೌದು, ಮೊದಲು ಬಂದವಳು ತೀಯಮ್ಮನೇ. ಯುದ್ಧ ಮುಗಿದು ಅಷ್ಟು ವರ್ಷವಾದರೂ ಮಗನ ಗೋರಿ ಯಾವ ಪ್ರಾಂತ್ಯದಲ್ಲಿದೆಯೆಂದು ಯಾರೂ ಹೇಳಿರಲಿಲ್ಲ. ಎಲ್ಲ ಊರಿನ ಸೈನಿಕರ ಸ್ಮಶಾನಗಳಿಗೂ ಬರೆಯಬೇಕು. ಅವಳಿಗೆ ಓದುಬರಹ ಬಾರದು. ಮಿಯೆನ್ ಡಬ್ಬವನ್ನು ಟಿವಿಗೂ ಟೈಪ್‌ರೈಟರಿಗೂ ಜೋಡಿಸಿ, ಮೂರು ಬೆರಳು ಉಳಿದ ಕೈಯಲ್ಲಿ ಕುಟ್ಟಿದಳು. ಒಮ್ಮೆ ಬರೆದ ಪತ್ರ ಟೇಪಿನಲ್ಲಿ ಜೀರುಂಡೆಯಂತೆ ಕಿರುಗುಟ್ಟುತ್ತ ಉಳಿಯುತ್ತಿತ್ತು. ಊರಿನ ಹೆಸರು ಬದಲಿಸಿದರೆ ಟೈಪ್‌ರೈಟರು ನಲವತ್ತು ಪತ್ರವನ್ನಾದರೂ ತಾನೇ ಹೊಡೆದುಕೊಡುತ್ತಿತ್ತು.

ಆದರೆ ಕೀಲಿಮಣೆ ಜರ್ಮನರದು. ವಿಯೆಟ್ನಾಮಿನವರು ಬಳಸದ 'ಜ಼ೆಡ್' ನಟ್ಟನಡುವೆ ಮೆರೆಯುತ್ತಿತ್ತು. ಬೇಕಾದ 'ವೈ' ಮೂಲೆಗೆ ಬಿದ್ದಿತ್ತು. ಬಾಲವಿರುವ ಅವರ 'ಉ', 'ಒ' ಅದರಲ್ಲಿಲ್ಲ. ಜರ್ಮನರ ಎರಡು ಚುಕ್ಕೆಯ ಅಕ್ಷರಗಳನ್ನೇ ಮಿಯೆನ್ ಅವುಗಳ ಬದಲಿಗೆ ಒತ್ತುತ್ತಿದ್ದಳು. ಅಕ್ಷರದ ಮೇಲೆ ಕೂತು ಸ್ವರ ಏರಿಸುವ, ಇಳಿಸುವ ಗೀರುಗಳಂತೂ ಒಂದೂ ಇಲ್ಲ. ಗೀರಿಲ್ಲದಿದ್ದರೆ ಅವರ ಭಾಷೆಯಲ್ಲಿ 'ಅಮ್ಮ' ಎಂದು ಬರೆದದ್ದು 'ದೆವ್ವ' ಆಗುತ್ತದೆ.

ಒಂದು ಮಧ್ಯಾಹ್ನ ತೀಯಮ್ಮ ಆ ಪತ್ರ ತಂದು ಲಿಯೂಗೆ ತೋರಿಸಿದಳು. "ಸರಿ ಇದ್ಯೇನೇ, ನೋಡು."

ಲಿಯೂ ಓದಿದಳು. ಇಪ್ಪತ್ತು ವರ್ಷ ಮಕ್ಕಳ ಕಾಗುಣಿತ ತಿದ್ದಿದ ಕೈ ಸುಮ್ಮನಿರಲಿಲ್ಲ. ಕಪ್ಪು ಶಾಯಿಯ ಪೆನ್ನು ತೆಗೆದು ಗೀರು, ಟೋಪಿ, ಬಾಲ, ಚುಕ್ಕೆ ಎಲ್ಲ ಹಾಕಿದಳು. ಆಮೇಲೆ ಎದ್ದು, ಎರಡು ವರ್ಷದಿಂದ ದಾಟದ ಹೊಸ್ತಿಲನ್ನು ದಾಟಿ, ಅತ್ತಿಗೆಯ ಮೇಜಿನ ಮೇಲಿದ್ದ ಉಳಿದ ಮೂವತ್ತೊಂಬತ್ತನ್ನೂ ಎಳೆದುಕೊಂಡು ಕೂತಳು.

"ಇಂಥ ತಪ್ಪು ಪತ್ರ ಕಳಿಸಿದ್ರೆ ನಮ್ಮನೆ ಮರ್ಯಾದೆ ಏನಾಗ್ಬೇಕು?" ಎಂದಳು, ಮೇಜಿಗೆ.

"ಚಹಾ ಕುಡೀತೀಯಾ?" ಎಂದಳು ಮಿಯೆನ್.

ಹಾಗೆ ಶುರುವಾಯಿತು. ಒಬ್ಬಳು ಕುಟ್ಟುವುದು, ಇನ್ನೊಬ್ಬಳು ಗೀರು ಎಳೆಯುವುದು. ಕರೆಂಟು ಇರುವ ಮಧ್ಯಾಹ್ನಗಳಲ್ಲಿ ಕಿಟಕಿಯ ಹೊರಗೆ ಗುಲ್‌ಮೊಹರ್ ಕೆಂಪಗೆ ಉರಿಯುತ್ತಿರುವಾಗ ಟಕಟಕ ಸದ್ದು ಓಣಿಯಲ್ಲಿ ಹರಿಯುತ್ತಿತ್ತು. ತಾಯಂದಿರು ಬಂದರು, ಹೆಂಡಂದಿರು ಬಂದರು. ಕೆಲವರಿಗೆ ಉತ್ತರ ಬಂತು. ಹಲವರಿಗೆ ಬರಲಿಲ್ಲ. ತೀಯಮ್ಮನಿಗೆ ಬಂತು. ಅವಳು ಆ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಮಧ್ಯಾಹ್ನವಿಡೀ ಹಾಗೇ ಕೂತಿದ್ದಳು, ಮಗು ನಿದ್ದೆ ಹೋಗಿದೆ, ಎದ್ದರೆ ಎಚ್ಚರವಾದೀತು ಎಂಬಂತೆ.

ಒಂದು ದಿನ ಮಿಯೆನ್ ಯಾರೂ ಹೇಳದೆ ಒಂದು ಪತ್ರ ಕುಟ್ಟಿದಳು. ಟೈಪ್‌ರೈಟರಿನಿಂದ ಎಳೆದು ಲಿಯೂಳ ಮುಂದಿಟ್ಟಳು.

ಅದರಲ್ಲಿದ್ದ ಹೆಸರು ಕ್ವಿಯೆನ್. ಲಿಯೂಗೆ ನಿಶ್ಚಯವಾಗಿದ್ದವನು. ಯುದ್ಧಕ್ಕೆಂದು ತೆಂಕಣಕ್ಕೆ ಹೊರಟ ಲಾರಿಯ ಹಿಂಬದಿಯಿಂದ ಟೋಪಿ ಬೀಸಿ ಹೋದವನು ಬರಲೇ ಇಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಲಿಯೂ ಮದುವೆಯಾಗಿರಲಿಲ್ಲ.

ಗೀರಿಲ್ಲದ ಆ ಹೆಸರು ಕೋಗಿಲೆಯೂ ಆಗಬಹುದು, ಪುಸ್ತಕದ ಸಂಪುಟವೂ ಆಗಬಹುದು, ಹಂಬಲವೂ ಆಗಬಹುದು. ಎಡದಿಂದ ಬಲಕ್ಕೆ ಇಳಿಯುವ ಒಂದು ಚಿಕ್ಕ ಗೀರು ಹಾಕಿದರೆ ಮಾತ್ರ ಅವನು.

ಲಿಯೂ ಪೆನ್ನಿನ ಮುಚ್ಚಳ ಹಾಕಿದಳು. "ನಿಮಗ್ಯಾರು ಹೇಳಿದ್ರು ಬರೀ ಅಂತ?"

"ಯಾರೂ ಇಲ್ಲ."

"ಅವ್ರು ಸತ್ತಿದ್ದಾರೆ ಅಂತ ನಾನು ಹೇಳಿದ್ನಾ?"

"ಇಲ್ಲ. ನಾನೂ ಹೇಳ್ತಿಲ್ಲ. ಆ ಗೀರು ನಾನು ಎಡಗೈಯಲ್ಲಿ ಎಳೀಬಹುದು, ಲಿಯೂ. ಆದ್ರೆ ಎಳೆಯಲ್ಲ. ಅದು ನಿಂದು."

ಪತ್ರ ಇಪ್ಪತ್ತು ದಿನ ಮೇಜಿನ ಮೇಲಿತ್ತು. ಮಿಯೆನ್ ಬೇರೆಯವರ ಪತ್ರ ಕುಟ್ಟುವಾಗ ಅದನ್ನು ಹುಷಾರಾಗಿ ಪಕ್ಕಕ್ಕೆ ಸರಿಸುತ್ತಿದ್ದಳು, ಮತ್ತೆ ಅಲ್ಲೇ ಇಡುತ್ತಿದ್ದಳು. ಇಪ್ಪತ್ತೊಂದನೆಯ ದಿನ ಲಿಯೂ ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ, ನಿಂತೇ, ಗೀರು ಎಳೆದಳು. ಎಳೆದು ಹಿತ್ತಿಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತಳು. ಒಳಗೆ ಉಳಿದ ಊರುಗಳಿಗೆ ಅದೇ ಪತ್ರ ಹೊಡೆಯುವ ಟಕಟಕ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ.

ಉತ್ತರ ಬರಲು ಹನ್ನೊಂದು ತಿಂಗಳು ಹಿಡಿಯಿತು. ಬೆಟ್ಟಸೀಮೆಯ ಒಂದು ಸ್ಮಶಾನದ ಕಾವಲುಗಾರ ಬರೆದಿದ್ದ: ಇದೇ ಹೆಸರು, ಇದೇ ಊರು, ಮರದ ಹಲಗೆ, ಆರನೆಯ ಸಾಲು.

ಇಬ್ಬರೂ ಹೋದರು. ಗೋರಿ ಅಗೆದು ತೆಗೆದ ಎಲುಬುಗಳನ್ನು ಅಕ್ಕಿಯ ಸಾರಾಯಿಯಲ್ಲಿ ತೊಳೆದು, ಕೆಂಪು ಬಟ್ಟೆಯಲ್ಲಿ ಸುತ್ತಿ, ಚೀಲದಲ್ಲಿಟ್ಟು ಊರಿನ ರೈಲು ಹತ್ತಿದರು. ಸೀಟಿನಲ್ಲಿ ಚೀಲ ಇಬ್ಬರ ನಡುವೆ. ಲಿಯೂ ಕಲ್ಲಿನಂತೆ ಕೂತಿದ್ದಳು. ಮಿಯೆನ್ ಮಾತ್ರ ದಾರಿಯುದ್ದಕ್ಕೂ ಚೀಲದೊಂದಿಗೆ ಹರಟಿದಳು.

"ನೋಡಪ್ಪ, ಇದು ಸಮುದ್ರ. ಮುಂದಿನ ಸ್ಟೇಷನ್ನಲ್ಲಿ ಜೋಳ ಬೇಯಿಸಿ ಮಾರ್ತಾರೆ. ನಿನ್ನ ಹುಡುಗಿ ತಿನ್ನಲ್ಲ ಅಂತಿದ್ದಾಳೆ, ಸ್ವಲ್ಪ ಗದರು. ಸಿಟ್ಟು ಜಾಸ್ತಿ ಇವಳಿಗೆ. ಒಂದು ಹೊಲಿಗೆ ಮಿಷಿನ್‌ಗೆ ಎರಡು ವರ್ಷ ಉರಿದ್ಲು. ನಿಂಗೆ ಗೊತ್ತಿರತ್ತೆ ಬಿಡು."

ಆಗ ಲಿಯೂ ನಕ್ಕಳು. ನಗು ಅಳುವಾಯಿತು. ಎದುರಿನ ಸೀಟಿನವರು ಕಿಟಕಿಯ ಕಡೆ ತಿರುಗಿ ಕೂತರು.

*

"ನಮ್ಮ ಅತ್ತಿಗೆ," ಎಂದಳು ಲಿಯೂ. ಹೊಗೆಯಲ್ಲಿ ಯಾರ ಮುಖವೂ ಸ್ಪಷ್ಟವಿರಲಿಲ್ಲ. "ನಮ್ಮ ಅತ್ತಿಗೆ ನಂಗೆ ಹೊಲಿಗೆ ಮಿಷಿನ್ ತರ್ಲಿಲ್ಲ."

ಯಾರೋ ಮೆಲ್ಲಗೆ ನಕ್ಕರು.

"ಎರಡು ವರ್ಷ ಮಾತಾಡಿಸ್ಲಿಲ್ಲ ನಾನು. ಒಂದೇ ಮನೇಲಿ. ಆ ಎರಡು ವರ್ಷ ವಾಪಸ್ ಬೇಕು ನಂಗೆ. ಇನ್ನೇನೂ ಹೇಳಕ್ಕೆ ಬರಲ್ಲ."

ಖಾಂಗ್ ಎದ್ದು ಬಂದು ತಂಗಿಯ ಹೆಗಲು ಹಿಡಿದುಕೊಂಡ. "ಮನೆಯಲ್ಲೇ ಇದ್ಲು ಅಂದ್ಬಿಟ್ಟೆನಲ್ಲೇ," ಎಂದ, ಅವಳಿಗಷ್ಟೇ ಕೇಳುವಂತೆ. ಓಲಗದವನು ಯಾರ ಸನ್ನೆಗೂ ಕಾಯದೆ ಊದತೊಡಗಿದ. ಗಂಡಸರು ಪೆಟ್ಟಿಗೆ ಎತ್ತಿದರು.

ಸ್ಮಶಾನ ನದಿಯಾಚೆ. ಶವದ ಗಾಡಿ ಹೊಳೆ ದಾಟಿಸುವ ಬಾರ್ಜು ಹತ್ತಿ ನಿಂತಿತು. ಸುತ್ತ ಸಂತೆಯಿಂದ ಮರಳುವವರ ಸ್ಕೂಟರುಗಳು, ಬಾತುಕೋಳಿಯ ಪಂಜರಗಳು. ಏಡಿ ಮಾರುವ ಹೆಂಗಸೊಬ್ಬಳು ಬಿಸಿಲಿಗೆ ತಾಳದೆ ತನ್ನ ಬುಟ್ಟಿಯನ್ನು ಗಾಡಿಯ ನೆರಳಿಗೆ ಎಳೆದುಕೊಂಡಳು.

"ಯಾರಕ್ಕ, ಹೋದವರು?"

"ನಮ್ಮನೆಯವರು," ಎಂದಳು ಲಿಯೂ. ಹಿಂದೆ ಬಾರ್ಜಿನ ಅಂಚಿನವರೆಗೂ ಮುದುಕಿಯರ ಬಿಳಿ ತಲೆಗಳು ಒತ್ತಾಗಿ ನಿಂತಿದ್ದವು.

ನಡುನದಿಯಲ್ಲಿ ಎಂಜಿನ್ ನಿಂತಿತು. ದೊಡ್ಡದೊಂದು ಹಡಗು ಸಮುದ್ರದ ಕಡೆಗೆ ಹಾದುಹೋಗುವವರೆಗೆ ಕಾಯಬೇಕಿತ್ತು. ಹಡಗು ಸದ್ದಿಲ್ಲದೆ, ಒಂದು ಬೀದಿಯೇ ಸರಿದುಹೋದಂತೆ ಸಾಗಿತು. ಸ್ವಲ್ಪ ಹೊತ್ತಿಗೆ ಅದರ ಅಲೆ ಬಂದು ಮುಟ್ಟಿತು. ಬಾರ್ಜು ತೂಗಿತು. ಸ್ಕೂಟರುಗಳು ತೂಗಿದವು, ಬಾತುಗಳು ಗಲಾಟೆ ಮಾಡಿದವು, ಶವದ ಗಾಡಿ ಅತ್ತಿಂದಿತ್ತ ಓಲಾಡಿತು. ಲಿಯೂ ಬಲಗೈ ಚಾಚಿ ಗಾಡಿಯ ಬಿಸಿ ತಗಡಿನ ಮೇಲೆ ಅಂಗೈ ಊರಿದಳು. ಅಲೆ ಇಳಿಯಿತು. ನೀರು ಮಟ್ಟವಾಯಿತು, ಎಂಜಿನ್ ಮತ್ತೆ ಗುರುಗುಟ್ಟಿತು. ಅವಳು ಕೈ ತೆಗೆಯಲಿಲ್ಲ.